ಗ್ವಾದಲಿಗೆ ಕಟ್ಟಿದ ವಾಷಿಂಗ್ ಮಷಿನ್

ನಮ್ಮನಿಗೆ ಹೊಸ ಸಾಮಾನು ಬಂದು, ತನ್ನ ಪಾಡಿಗೆ ತಾ ಮೂಲ್ಯಾಗ ಕುಂತು ಕೆಲಸ ಮಾಡಿದ್ದು ನಾ ಸೊಸಿ ಆಗಿ ಬಂದಾಗಿಂದ ನೋಡಿಲ್ಲ. ಗ್ಯಾಸಿನ ಒಲಿ ಬಂದಾಗ ನಮ್ಮತ್ತಿ ಅದರ ಬಾಜು ಚರಿಗಿ ತುಂಬ ನೀರು ಇಟ್ಕೊಂಡು ಕುಂದರ್ತಿದ್ರು, ಮನಿಗೆ ಬೆಂಕಿ ಹತ್ತಿದ್ರ ಇರಲಿ ಅಂತ. ಫ್ರಿಜ್ ಬಂದಾಗ "ದುಡಿದು ದುಡಿದು ಅದಕ್ಕೂ ಸುಸ್ತಾಗತೈತಿ" ಅಂತ ಮಲಗೋ ಮುಂದ ದಿನಾ ಬಂದ್ ಮಾಡ್ತಿದ್ರು. ಮುಂಜಾನೆ ಹಾಲು ಒಡೆದಿದ್ದಕ್ಕ ಬೈಗಳಾ ಮಾತ್ರ ನನಗ. ಇನ್ನ ವಾಷಿಂಗ್ ಮಷಿನ್ ಬಂದಾಗ ಏನೇನಾತು ಅಂತ ಕೇಳಬ್ಯಾಡ್ರಿ. ನೀವು ಕೇಳದಿದ್ರೂ ನಾ ಹೇಳಾಕೀನ.

ನಮ್ಮದು ಮಸ್ಕ್ಯಾಗ ಹಳೇ ಮಣ್ಣಿನ ಮಾಳಿಗಿ ಮನಿ. ದೊಡ್ಡ ಬಾಗಿಲು ದಾಟಿದ ಕೂಡಲೆ ಎಡಕ್ಕ ದನ ಕಟ್ಟೋ ಜಾಗ, ಅಲ್ಲಿ ಮೇವು ಹಾಕೋ ಕಲ್ಲಿನ ಗ್ವಾದಲಿ, ಗ್ವಾದಲಿ ಕಲ್ಲಿಗೆ ಎತ್ತು ಕಟ್ಟಾಕ ಕಬ್ಬಿಣದ ಬಳಿ. ಮೆಟ್ಟಲಾ ಹತ್ತಿದ್ರ ಪಡಸಾಲಿ. ಪಡಸಾಲಿಯಿಂದ ಒಳಗ ಹೋಗಾಕ ಒಂದು ಸಣ್ಣ ಬಾಗಿಲು. ಅದರಾಗ ಯಾರೇ ಆಗಲಿ ತಲಿ ಬಗ್ಗಿಸೇ ಹೋಗಬೇಕು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಬಾಳ ವರ್ಷ ಆತು. ಗ್ವಾದಲಿ ಮಾತ್ರ ಖಾಲಿ ಬಿದ್ದಿತ್ತು.

ಮಷಿನ್ ಬೇಕಂತ ಹಟ ಹಿಡಿದಾಕಿ ನಾನೇ. ಬಟ್ಟಿ ಹಿಂಡಿ ಹಿಂಡಿ ನನ್ನ ಬಲಗೈ ಮುಂಗೈ ಹಿಡಕೊಂಡು ಬಿಟ್ಟಿತ್ತು. ರೊಟ್ಟಿ ಬಡಿಯೋ ಮುಂದ ಕಣ್ಣಾಗ ನೀರು ಬರ್ತಿತ್ತು. ಲಿಂಗಸೂಗೂರಿನ ಡಾಕ್ಟರು ಕೈ ತಿರುವಿ ನೋಡಿ, "ಅಕ್ಕಾರ, ಗುಳಗಿ ಬರಕೊಡ್ತೀನಿ. ಆದ್ರ ಬಟ್ಟಿ ಹಿಂಡೋದು ನೀವು ಬಂದ್ ಮಾಡದಿದ್ರ ಗುಳಗಿ ಏನ ಮಾಡೀತು?" ಅಂದ್ರು. ಅದ ಹೊತ್ತಿಗೆ ಚಿನ್ನದ ಗಣಿ ಇರೋ ಹಟ್ಟಿ ಊರಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗಿಗೆ ಮನಿಗೆ ಬಂದಿದ್ಲು. ಬಾಣಂತಿ ಬಟ್ಟಿ, ಕೂಸಿನ ಬಟ್ಟಿ, ಇನ್ನ ದಿನಾ ಒಂದು ರಾಶಿ. ಒಗಿಯಾಕ ಇರೋದು ಇದೊಂದು ಜೋಡಿ ಕೈ. ಕೂಸು ಮನಿಗೆ ಬರೂದರೊಳಗ ಮಷಿನ್ ತಿರುಗಬೇಕು, ಇಲ್ಲಂದ್ರ ನನ್ನ ಕೈ ಮುಗೀತು. ನನ್ನ ಚಿಂತಿ ಇದೊಂದಾ.

ಬಗ್ಗಾಕ ಬರದ ಸೊಸಿ

ಸಿಂಧನೂರಿನ ಅಂಗಡಿಯಿಂದ ಟಂಟಂ ಗಾಡ್ಯಾಗ ಮಷಿನ್ ಬಂತು. ಮಗಳು ಆರಿಸಿದ್ದು, ಮುಂದಿನ ಮಗ್ಗಲಿಗೆ ಗುಂಡನ ಗಾಜಿನ ಬಾಗಿಲು ಇರೋದು. ಹಟ್ಟ್ಯಾಗ ಆಕಿ ಕ್ವಾರ್ಟರ್ಸಿನ್ಯಾಗ ಅಂಥಾದ್ದ ಐತಿ. ಒಳಗ ಬಚ್ಚಲಿನ ಬಾಜು ಇಟ್ರ ಚಲೋ ಅಂತ ನಾ ಜಾಗ ಸುದ್ದಾ ಬಳದು ಸಾರಿಸಿ ಇಟ್ಟಿದ್ದೆ.

ಹಮಾಲರು ಹೊತ್ತುಕೊಂಡು ದೊಡ್ಡ ಬಾಗಿಲು ದಾಟಿದ್ರು, ಪಡಸಾಲಿ ಹತ್ತಿದ್ರು, ಸಣ್ಣ ಬಾಗಿಲ ಮುಂದ ನಿಂತು ಬಿಟ್ರು. ಅಡ್ಡ ಹಿಡಿದ್ರು, ಉದ್ದ ಹಿಡಿದ್ರು, ಮ್ಯಾಲಿನ ರಟ್ಟಿನ ಡಬ್ಬಿ ಹರಿದು ಒಗದು ಮತ್ತ ಹಿಡಿದ್ರು. ಬಾಗಿಲು ಒಂದು ಬೆರಳಿನಷ್ಟು ಕಡಿಮಿ ಬಿತ್ತು. ಹಮಾಲ ಬೆವರು ಒರಸಿಕೊಂತ, "ಈ ಚೌಕಟ್ಟು ಕಿತ್ತಸಬೇಕ್ರಿ ಅಕ್ಕಾರ" ಅಂದ.

ಪಡಸಾಲ್ಯಾಗ ಕುಂತಿದ್ದ ಅತ್ತಿ ಎದ್ದು ಬಂದು ಚೌಕಟ್ಟಿಗೆ ಕೈ ಹಚ್ಚಿ ನಿಂತ್ರು.

"ಈ ಬಾಗಿಲಾಗ ನಮ್ಮತ್ತಿ ಬಗ್ಗಿ ಬಂದಾಳ. ನಾ ಬಗ್ಗಿ ಬಂದೀನಿ. ಈಕಿ ಬಗ್ಗಿ ಬಂದಾಳ. ತಹಶೀಲ್ದಾರ ಸಾಹೇಬರು ಬಂದಾಗ ಅವರೂ ಬಗ್ಗೇ ಬಂದಾರ. ಇದಕ್ಕೇನು ಕೊಂಬು ಬಂದಾವೇನು?"

"ಯವ್ವಾ, ಅದು ಮಷಿನ್ನು, ಅದಕ್ಕ ಬಗ್ಗಾಕ ಹೆಂಗ ಬರ್ತೈತಿ?" ಅಂದ್ರು ನಮ್ಮನಿಯವರು.

"ಬರದಿದ್ರ ಕಲೀಲಿ. ಕಲಿಯೂತನ ಹೊರಗ ಇರಲಿ."

ಹಿಂಗಾಗಿ ಮಷಿನ್ ಮೆಟ್ಟಲಾ ಇಳಿದು ಗ್ವಾದಲಿ ಬಾಜು ಹೋಗಿ ಕುಂತಿತು. ಅಷ್ಟೊತ್ತಿಗೆ ಓಣಿ ಹೆಣಮಕ್ಕಳೆಲ್ಲಾ ಬಾಗಿಲಿಗೆ ಬಂದು ನಿಂತಿದ್ರು. ಅತ್ತಿಗೆ ಇನ್ನೇನು ಬೇಕು? "ಎಲ್ಲಾರ ಮುಂದ ಹೇಳೀನಿ, ಕೇಳ್ರಿ. ಮನಿ ದೇವರಾಣಿ, ನನ್ನ ಸೀರಿ ಅದರ ಹೊಟ್ಟಿಗೆ ಹಾಕಂಗಿಲ್ಲ. ನನ್ನ ಸೀರಿ ನಾ ಒಗಕೊಂತೀನಿ" ಅಂತ ಸಾರಿಬಿಟ್ರು. ಆಣಿ ಮಾಡಿ ಮುಗಿಸಿ, ಬಂದಿದ್ದು ಬಂದೈತಿ ಅಂತ ಒಳಗಿಂದ ವಿಭೂತಿ ತಂದು ಮಷಿನ್ನಿಗೆ ಮೂರು ಗೀಟು ಎಳೆದು, ನಡುವ ಕುಂಕುಮ ಇಟ್ಟು, ಒಂದು ತುಣುಕು ಬೆಲ್ಲಾನೂ ಮ್ಯಾಲ ಇಟ್ರು. ನಾ ಈ ಮನಿಗೆ ಬಂದ ದಿನ ಬೈಗಳಾ ಇಷ್ಟಾ ಸಿಕ್ಕಿತ್ತು, ಬೆಲ್ಲ ಸಿಕ್ಕಿರಲಿಲ್ಲ.

ಉಪ್ಪು, ಇದ್ದಲಿ, ಎದುರುಮನಿಯಾಕಿ

ಎರಡು ದಿನ ಬಿಟ್ಟು ಕಂಪನಿ ಮೆಕ್ಯಾನಿಕ್ ಬಂದ. ಮಷಿನ್ ಕುಂತ ಜಾಗದ ಸುತ್ತ ಒಂದು ಸಲ ತಿರುಗಿ ನೋಡಿದ.

"ನಳ ಎಲ್ಲೈತ್ರಿ?" ಅಂದ.

"ಓಣಿ ತುದ್ಯಾಗ," ಅಂದ್ರು ನಮ್ಮನಿಯವರು.

"ಮಷಿನ್ನಿಗೆ ತನ್ನದಾ ಒಂದು ನಳ ಬೇಕ್ರಿ. ಅದು ಕೊಡ ತಗೊಂಡು ಓಣಿಗೆ ಹೋಗಂಗಿಲ್ಲ."

"ಮತ್ತೇನೇನು ಬೇಕಪಾ?"

"ಹೊಲಸು ನೀರು ಹೋಗಾಕ ದಾರಿ ಬೇಕು. ಅರ್ತಿಂಗ್ ಐತ್ರಿ?"

ನಮ್ಮನಿಯವರು ನನ್ನ ಮಾರಿ ನೋಡಿದ್ರು, ನಾ ಅತ್ತಿ ಮಾರಿ ನೋಡಿದೆ. ಅತ್ತಿ ವಿಚಾರ ಮಾಡಿ, "ಇದ್ರ ಒಳಗ ಟ್ರಂಕಿನ್ಯಾಗ ಇರಬೇಕು, ಹುಡುಕಿ ಕೊಡಬೇ" ಅಂದ್ರು.

ಆ ಹುಡುಗ ಚಾ ಕುಡಿದು, "ಇಷ್ಟೂ ಮಾಡಿಸಿ ಫೋನ್ ಹಚ್ಚ್ರಿ, ಬಂದು ಕೂಡಿಸಿಕೊಡ್ತೀನಿ. ಅಲ್ಲೀತನ ಯಾರೂ ಮುಟ್ಟಬ್ಯಾಡ್ರಿ, ಕಂಪನಿ ರೂಲ್ಸ್ ಐತಿ" ಅಂತ ಹೇಳಿ ಗಾಡಿ ಹತ್ತಿ ಹೋದ. ಈ ಕಡೀ ಮಾತು ನೆನಪಿಟ್ಕೊಳ್ರಿ. ನಮ್ಮನ್ಯಾಗ ಯಾರೂ ಇಟ್ಕೊಳ್ಳಲಿಲ್ಲ.

ನಳದ್ದು ಜಲ್ದಿ ಆತು. ಮಣ್ಣಿನ ಮಾಳಿಗಿ ಮ್ಯಾಲ ಟಾಕಿ ಇಟ್ರ ಮಾಳಿಗಿ ಕೆಳಗ ಬರ್ತೈತಿ ಅಂತ ದನದ ಜಾಗದ ಗ್ವಾಡಿ ಮ್ಯಾಲೇ ಸಣ್ಣ ಟಾಕಿ ಕುಂದರ್ಸಿದ್ವಿ. ನಮ್ಮ ಗ್ವಾಡಿ ಅಷ್ಟು ದಪ್ಪ ಅದಾವ, ಬ್ಯಾಸಿಗ್ಯಾಗ ನಮ್ಮ ಮಾವ ಅದರ ಮ್ಯಾಲೇ ಮಲಗ್ತಿದ್ರಂತ. ಅರ್ತಿಂಗಿಗೆ ನಮ್ಮೂರ ಕರೆಂಟಿನವನ್ನ ಕರಿಸಿದ್ರು. ಮಷಿನ್ ಮುಟ್ಟಿದ್ರ ಕರೆಂಟು ಹೊಡಿಬಾರದಂದ್ರ ನೆಲದಾಗ ಆಳ ತೆಗ್ಗು ತೋಡಿ, ಪೈಪು ನಿಂದರ್ಸಿ, ತಂತಿ ಕಟ್ಟಿ, ಸುತ್ತ ಉಪ್ಪು, ಇದ್ದಲಿ ತುಂಬಬೇಕಂತ. ಅವ ತೆಗ್ಗು ತೋಡಿಸಿ ಊಟಕ್ಕ ಹೋದ. ಉಪ್ಪು, ಇದ್ದಲಿ ತುಂಬೋ ಕೆಲಸ ನಮ್ಮನಿಯವರ ಮ್ಯಾಲ ಬಿತ್ತು.

ಅವತ್ತು ಅಮಾವಾಸಿ. ಹೊತ್ತು ನಡುನೆತ್ತಿ ಮ್ಯಾಲ. ನಮ್ಮನಿಯವರು ಬೆವತು ಅಂಗಿ ಬಿಚ್ಚಿ, ಹಣಿತುಂಬ ವಿಭೂತಿ, ಒಂದು ಕೈಯಾಗ ಉಪ್ಪಿನ ಬುಟ್ಟಿ, ಒಂದು ಕೈಯಾಗ ಇದ್ದಲಿ ಬುಟ್ಟಿ ಹಿಡಕೊಂಡು ತೆಗ್ಗಿಗೆ ಒಂದು ಪದರ ಉಪ್ಪು, ಒಂದು ಪದರ ಇದ್ದಲಿ ಹಾಕಾಕತ್ತಿದ್ರು. ಮರೀಬಾರದಂತ ಬಾಯಾಗ "ಉಪ್ಪು, ಇದ್ದಲಿ, ಉಪ್ಪು, ಇದ್ದಲಿ" ಅಂತ ಅನ್ನಾಕತ್ತಿದ್ರು. ದೊಡ್ಡ ಬಾಗಿಲು ಪೂರಾ ತೆರೆದಿತ್ತು. ಎದುರುಮನಿಯಾಕಿ ತನ್ನ ಕಟ್ಟಿ ಮ್ಯಾಲ ಕುಂತು ಅಕ್ಕಿ ಹಸನ ಮಾಡಾಕಿ, ಮರ ಅಲ್ಲೇ ಬಿಟ್ಟು ಒಳಗ ಎದ್ದು ಹೋದ್ಲು.

ಸಂಜಿಗೆ ನೋಡ್ತೀನಿ, ಆಕಿ ಬಾಗಿಲಿಗೆ ನಿಂಬಿಹಣ್ಣು, ಮೆಣಸಿನಕಾಯಿ, ಕರೀ ದಾರ. ನಾ ಮಾತಾಡಿಸಿದ್ರ ಮಾರಿ ತಿರುವಿದ್ಲು. ಮರುದಿನ ಓಣ್ಯಾಗ ಯಾರೂ ನಮ್ಮನಿ ಮುಂದ ಹಾಯಲಿಲ್ಲ, ಹಿಂದಿನ ಸಂದಿ ಹಿಡಿದು ಸುತ್ತು ಹಾಕಿ ಹೋಗಾಕತ್ರು. ಹಾಲಿನವ ಸುದ್ದಾ ದೂರ ನಿಂತು ಚರಿಗಿ ಇಸಕೊಂಡ. ನನಗ ತಡ್ಕೊಳ್ಳಾಕಾಗಲಿಲ್ಲ. ಆಕಿ ಕೈ ಹಿಡಿದು ಎಳಕೊಂಡು ಬಂದು ತೆಗ್ಗು ತೋರಿಸಿ, ತಂತಿ ತೋರಿಸಿ, ಮಷಿನ್ ತೋರಿಸಿ, ಮಾಟ ಅಲ್ಲ ತಾಯಿ, ಕರೆಂಟು ಹೊಡಿಬಾರದಂತ ಮಾಡಿದ್ದು ಅಂತ ಬಿಡಿಸಿ ಹೇಳಿದೆ.

ಆಕಿ ತೆಗ್ಗು ಬಗ್ಗಿ ನೋಡಿ, ವಿಚಾರ ಮಾಡಿ, ದನಿ ಸಣ್ಣದು ಮಾಡಿ ಕೇಳಿದ್ಲು: "ಅಕ್ಕ, ನಮ್ಮ ಫ್ರಿಜ್ ಮುಟ್ಟಿದ್ರ ಝುಮ್ ಅಂತೈತಿ. ನಮ್ಮನಿಗೂ ಒಂದು ಮಾಟ ಮಾಡಿಸಿಕೊಡಂತ ಅಣ್ಣಾರಿಗೆ ಸ್ವಲ್ಪ ಹೇಳಬೇ."

ಎತ್ತಿನ ಮೋರಿ

ಇನ್ನ ಹೊಲಸು ನೀರಿನ ದಾರಿ. ಗ್ವಾಡಿಗೆ ತೂತು ಹಾಕಾಕ ಗೌಂಡಿ ಬಂದ. ಡ್ರಿಲ್ ಹಚ್ಚಿದ್ರ ಮಣ್ಣು ಉದುರತೈತಿ, ಕಲ್ಲು ಹತ್ತತೈತಿ, ಮತ್ತ ಮಣ್ಣು, ಮತ್ತ ಕಲ್ಲು. ಡ್ರಿಲ್ಲಿನ ಕಡ್ಡಿ ಪೂರಾ ಒಳಗ ಹೋದ್ರೂ ಆ ಕಡೆ ಬೆಳಕು ಕಾಣಲಿಲ್ಲ. ಗೌಂಡಿ, "ಇದೇನು ಗ್ವಾಡೀನೋ ಕೋಟೆಯೋ" ಅಂತ ಸುಸ್ತಾಗಿ ಕುಂತ.

ಅತ್ತಿ ಮೂಲ್ಯಾಗಿನ ಕಸ ಕಾಲಿಲೆ ಸರಿಸಿ ತೋರಿಸಿದ್ರು. ಎತ್ತಿನ ಗಂಜಳ ಹೊರಗ ಹೋಗಲಿ ಅಂತ ಕಟ್ಟಿಸಿದ್ದ ಕಲ್ಲಿನ ಮೋರಿ, ಗ್ವಾಡಿ ಬುಡದಾಗ ಹಾದು ನೆಟ್ಟಗ ಗಟಾರಿಗೆ ಹೋಗಿತ್ತು. ಚರಿಗಿ ನೀರು ಹಾಕಿ ನೋಡಿದ್ರ ಸರ್ರಂತ ಹರೀತು. ನಾವು ಇಷ್ಟು ದಿನ ಅದರ ಮ್ಯಾಲ ಪೊರಕಿ ಇಟ್ಟಿದ್ವಿ.

"ನೋಡ್ರಿ, ನಮ್ಮ ಮಾವ ಎಲ್ಲಾ ಮುಂದಿಂದು ವಿಚಾರ ಮಾಡೇ ಕಟ್ಟಿಸ್ಯಾರ," ಅಂದ್ರು ಅತ್ತಿ. ಅತ್ತಿಯ ಮಾವ ವಾಷಿಂಗ್ ಮಷಿನ್ನಿನ ವಿಚಾರ ಮಾಡಿದ್ರು ಅನ್ನೋದು ಅವತ್ತಿಂದ ನಮ್ಮನ್ಯಾಗ ಖಾತ್ರಿ ಆದ ಸಂಗತಿ.

ಪಾನಾ ಹಿಡಿದ ನಮ್ಮನಿಯವರು

ಎಲ್ಲಾ ತಯಾರಾತು. ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ್ವಿ. "ಲಿಂಗಸೂಗೂರಾಗ ಅದೀನ್ರಿ, ನಾಳೆ ಬರ್ತೀನಿ" ಅಂದ. ನಾಳೆ ಹಚ್ಚಿದ್ರ "ಹಟ್ಟ್ಯಾಗ ಅದೀನ್ರಿ" ಅಂದ. ಮತ್ತೊಂದಿನ "ಗುರುಗುಂಟಾಕ ಬಂದೀನ್ರಿ" ಅಂದ. ಆ ಹುಡುಗ ಇಡೀ ತಾಲೂಕು ತಿರುಗಾಕತ್ತಿದ್ದ, ಮಸ್ಕಿ ಒಂದು ಬಿಟ್ಟು. ಅಷ್ಟರಾಗ ಮಗಳಿಗೆ ಬ್ಯಾನಿ ಶುರುವಾಗಿ ಸಿಂಧನೂರು ದವಾಖಾನಿಗೆ ಕರಕೊಂಡು ಓಡಿದ್ವಿ. ಹೆಣ್ಣು ಕೂಸು. ತಾಯಿ, ಮಗಳು ಇಬ್ರೂ ಅರಾಮ. ನಾ ಅಲ್ಲೇ ಉಳಕೊಂಡೆ. ನಮ್ಮನಿಯವರು ಕೂಸಿನ ಮಾರಿ ನೋಡಿ ಊರಿಗೆ ತಿರುಗಿ ಹೋದ್ರು.

ಮನಿಗೆ ಬರೋ ಹಿಂದಿನ ದಿನ ದವಾಖಾನ್ಯಾಗ ಕುಂತಾಗ ಅವರ ಫೋನ್ ಬಂತು.

"ಏನೂ ಗಾಬರಿ ಆಗಬ್ಯಾಡ," ಅಂದ್ರು. ಅವರು ಹಂಗಂದ್ರಂದ್ರ ಗಾಬರಿ ಆಗೋದು ಏನೋ ಆಗೈತಿ ಅಂತ್ಲೇ ಅರ್ಥ. ಹಿಂದ ದಬಾ ದಬಾ ಅಂತ ಸಪ್ಪಳ. ಮ್ಯಾಲ ಅತ್ತಿ ದನಿ: "ಹಿಡಕೊಳ್ಳೋ, ಬಾಗಿಲಿಗೆ ಹೊಂಟೈತಿ."

"ಏನ್ರಿ ಅದು, ಯಾರು ಹೊಂಟಾರ?"

"ಮಷಿನ್. ನಾನ ಕೂಡಿಸೀನಿ. ನಳ ಕೂಡಿಸಿದೆ, ಪೈಪು ಮೋರಿಗೆ ಬಿಟ್ಟೆ. ಹಿಂದ ಒಂದಿಷ್ಟು ಬೋಲ್ಟು ಸಡ್ಲ ಅನಿಸಿದ್ವು, ಅವನ್ನೂ ಪಾನಾ ಹಚ್ಚಿ ಗಟ್ಟಿ ಬಿಗದೆ. ಹೊಲದಾಗಿನ ಪಂಪ್ ಸೆಟ್ ಬಿಚ್ಚಿ ಜೋಡಿಸಾವ ನಾ, ಇದೇನು ದೊಡ್ಡದು? ನೀರು ತಗೊಂಡಿದ್ದು ಬರಾಬ್ಬರಿ ತಗೊಂತು. ಹಿಂಡೋ ಹೊತ್ತಿಗೆ ಮಾತ್ರ ಕುಣಕೊಂತ ಹೊಂಟ್ತು." ನಡುವ ಉಸಿರು ತಗೊಂಡು, "ಅವ್ವ ಅಡ್ಡ ನಿಂತಾಳ, ಆಮ್ಯಾಲ ಮಾಡ್ತೀನಿ" ಅಂತ ಇಟ್ಟುಬಿಟ್ರು.

ಬಾಜು ಪಲ್ಲಂಗದಾಗಿನ ಬಾಣಂತಿಯ ತಾಯಿ ನನ್ನ ಮಾರಿ ನೋಡಿ, "ಯಾಕ್ರಿ, ಮನ್ಯಾಗ ಎತ್ತು ಬಿಚ್ಚಿಕೊಂಡೈತೇನು?" ಅಂದ್ಲು. ನಾ ಹೌದಂದೆ.

ಹಗ್ಗ

ಮರುದಿನ ಕೂಸಿನ್ನ ತಗೊಂಡು ಬಂದ್ವಿ. ಅತ್ತಿ ಬಾಗಿಲಾಗ ನಿಂದರ್ಸಿ, ರೊಟ್ಟಿ ತುಣುಕು ನಿವಾಳಿಸಿ ಒಗದು, ನೀರು ಇಳಿಸಿ ಒಳಗ ಕರಕೊಂಡ್ರು. ಒಳಗ ಕಾಲಿಟ್ಟ ಮಗಳು ಎಡಕ್ಕ ನೋಡಿ ನಿಂತಲ್ಲೇ ನಿಂತ್ಲು.

ಮಷಿನ್ ಗ್ವಾದಲಿಗೆ ಕಟ್ಟಿತ್ತು. ಎತ್ತಿನ ಹಳೇ ಹಗ್ಗ ಅದರ ಹೊಟ್ಟಿಗೆ ಸುತ್ತಿ, ಕಬ್ಬಿಣದ ಬಳಿಗೆ ಬಿಗದು ಗಂಟು ಹಾಕಿದ್ರು. ಹಿಂದ ಸರೀಬಾರದಂತ ಕಾಲ ಬುಡಕ ಕಲ್ಲು.

"ಗಾಬರಿ ಆಗೂದೇನೈತಿ?" ಅಂದ್ರು ಅತ್ತಿ. "ಸಂತಿಯಿಂದ ತಂದ ಹೋರಿ ಸುದ್ದಾ ಹೊಸ ಜಾಗಕ್ಕ ಹಿಂಗ ಮಾಡತೈತಿ. ನಾಕು ದಿನ ಕಟ್ಟಿ ಹಾಕಿದ್ರ ಪಳಗತೈತಿ."

ನಾ ನಂಬಲಿಲ್ಲ, ಆದ್ರೂ ಆಸೆ ಬಿಡಲಿಲ್ಲ. ಕೂಸಿನ ಬಟ್ಟಿ ತುಂಬಿ ಚಾಲೂ ಮಾಡಿದೆ. ನೀರು ತಗೊಂತು, ಅತ್ತಾಗ ಇತ್ತಾಗ ತಿರುಗಿತು, ನನ್ನ ಜೀವಕ್ಕ ತಂಪನಿಸಿತು. ಹಿಂಡಾಕ ಶುರು ಮಾಡಿದ್ದಾ ತಡ, ಹಗ್ಗ ಜಗ್ಗಿ ಜಗ್ಗಿ ಕುಣಿಯಾಕತ್ತಿತು. ಗ್ವಾದಲಿ ಕಲ್ಲು ಸುದ್ದಾ ಅಳ್ಳಾಡಿತು, ಮಾಳಿಗಿ ಮಣ್ಣು ಉದುರಿತು. ನಮ್ಮನಿಯವರು ಒಂದು ಮಗ್ಗಲು ಅಪ್ಪಿಕೊಂಡು ನಿಂತ್ರು. ಅತ್ತಿ ಅದರ ಬೆನ್ನು ಚಪ್ಪರಿಸಿ "ಹೋ, ಹೋ, ಸಣ್ಣಕ ನಿಂದ್ರು, ಹೋ" ಅಂತ ಸಮಾಧಾನ ಮಾಡಾಕತ್ರು. ನಾ ಬಟನ್ ಬಂದ್ ಮಾಡಿದೆ.

ಅವತ್ತಿನ ಬಟ್ಟಿ ಎಲ್ಲಾ ಬುಟ್ಟಿಗೆ ತುಂಬಿಕೊಂಡು ಹಿತ್ತಲದಾಗ ಬಟ್ಟಿ ಒಗಿಯೋ ಬಂಡಿಕಲ್ಲಿನ ಮುಂದ ಹೋಗಿ ಕುಂತೆ. ಒಂದು ಲಂಗೋಟಿ ಹಿಂಡಿದೆ, ಇನ್ನೊಂದು ಹಿಂಡಿದೆ, ಮುಂಗೈಯಾಗ ಚುಳಕ್ ಅಂತ ಹೊಡೀತು. ಅತ್ತಬಿಟ್ಟೆ. ಇಷ್ಟು ಓಡಾಡಿ, ಓಣ್ಯಾಗ ಮಾಟದಾಕಿ ಅನಿಸಿಕೊಂಡು, ಕಡೀಗೆ ಬಂದು ಕುಂತಿದ್ದು ಅದಾ ಬಂಡಿ ಮುಂದ.

ಅತ್ತಿ ಬಂದ್ರು. ಬುಟ್ಟಿ ತಮ್ಮ ಕಡೆ ಎಳಕೊಂಡು, ಸೆರಗು ಸಿಕ್ಕಿಸಿ ಕುಂತು ಹಿಂಡಾಕತ್ರು. ಅವರ ಕೈ ನಡುಗಾಕತ್ತಿದ್ವು. ಅಷ್ಟು ದಿನ ತಮ್ಮ ಸೀರಿ ತಾವ ಒಗಕೊಂಡಿದ್ದು ಹೆಂಗ ಅಂತ ನನಗ ಅವತ್ತ ಗೊತ್ತಾತು. ನೀರಾಗಿನ ಸೀರಿ ಎಷ್ಟು ಭಾರ ಇರ್ತೈತಿ ಅಂತ ನನಗ ಯಾರು ಹೇಳಬೇಕು?

ನಾ ಕಣ್ಣು ಒರಸಿಕೊಂಡು ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ನಾಳೆ ನೀ ಬರದಿದ್ರ ಮಷಿನ್ನಾ ಹೊರಸಿಕೊಂಡು ನಿಮ್ಮನಿ ಬಾಗಿಲಿಗೆ ಬಂದು ಕುಂದರ್ತೀನಿ ಅಂದೆ. ಮರುದಿನ ಹತ್ತೂದರೊಳಗ ಬಂದ.

ಬಂದವ ಹಗ್ಗ ನೋಡಿದ, ಕಲ್ಲು ನೋಡಿದ, ವಿಭೂತಿ ನೋಡಿದ.

"ಅಮ್ಮಾರ, ಇದನ್ನ ಕಟ್ಟಿ ಹಾಕೀರಿ ಯಾಕ್ರಿ?"

"ಬಿಟ್ರ ಓಡಿ ಹೋಗತೈತಪಾ," ಅಂದ್ರು ಅತ್ತಿ.

ಅವ ಹಿಂದ ಹೋಗಿ ಬಗ್ಗಿ ನೋಡಿ, ಹಣಿ ಬಡಕೊಂಡ. ಮಷಿನ್ ಲಾರ್‍ಯಾಗ ಬರೋ ಮುಂದ ಒಳಗಿನ ಡ್ರಮ್ ಅಲುಗಬಾರದಂತ ಕಂಪನಿಯವರು ಹಿಂದ ಉದ್ದನ ಬೋಲ್ಟ್ ಹಾಕಿರ್ತಾರಂತ. ಚಾಲೂ ಮಾಡೂಕಿಂತ ಮೊದಲ ಅವನ್ನ ತಗೀಬೇಕಂತ. ತಗೀದಿದ್ರ ಡ್ರಮ್ ತಿರುಗಾಕ ಹೋದಾಗ ಇಡೀ ಮಷಿನ್ನಾ ಕುಣೀತೈತಿ.

"ತಗಿಯೋದು ಬಿಟ್ಟು ಇವನ್ನ ಇಷ್ಟು ಬಿಗದವರು ಯಾರ್ರಿ? ನನ್ನ ಪಾನಾ ಸುದ್ದಾ ಹತ್ತವಲ್ದು."

ನಾ ನಮ್ಮನಿಯವರನ್ನ ಹುಡುಕಿದೆ. ಹೊಲಕ್ಕ ನೀರು ಬಿಡಾಕ ಹೋಗ್ಯಾರ ಅಂದ್ರು ಅತ್ತಿ. ಅವತ್ತು ಕರೆಂಟು ಇರಲಿಲ್ಲ, ಕಾಲುವ್ಯಾಗೂ ನೀರಿರಲಿಲ್ಲ. ಅಷ್ಟರ ಮ್ಯಾಲೂ ಹೋಗಿದ್ರು.

ಬೋಲ್ಟ್ ಬಿಚ್ಚಿ, ಕಾಲು ಸಮ ಮಾಡಿ, ಹಗ್ಗ ಬಿಚ್ಚಿ, ಕರೆಂಟು ಬಂದ ಮ್ಯಾಲ ಚಾಲೂ ಮಾಡಿದ. ಹಿಂಡೋ ಹೊತ್ತು ಬಂತು. ಅತ್ತಿ ಹಗ್ಗ ಕೈಯಾಗ ಹಿಡಕೊಂಡಾ ನಿಂತ್ರು. ಮಷಿನ್ ನಿಂತಲ್ಲೇ ಗುಂಯ್ ಅಂತ ತಿರುಗಿತು, ಒಂದು ಕೂದಲೆಳಿ ಸರೀಲಿಲ್ಲ. ಗಾಜಿನ ಬಾಗಿಲು ತಗದು ಲಂಗೋಟಿ ಹೊರಗ ತಗ್ದೆ. ಹಿಂಡಿದ್ದಾವು, ಹನಿ ನೀರಿಲ್ಲ. ನನ್ನ ಎದಿ ಮ್ಯಾಲಿನ ಬಂಡಿ ಇಳಿದಂಗಾತು. ಸುಮ್ಮನ ಅಲ್ಲೇ ಮೆಟ್ಟಲಾ ಮ್ಯಾಲ ಕುಂತು ನಕ್ಕೆ.

ಅತ್ತಿ ಹಗ್ಗ ಸುರುಳಿ ಸುತ್ತಿ ಗೂಟಕ್ಕ ಹಾಕ್ಕೊಂತ ಮೆಕ್ಯಾನಿಕ್‌ಗೆ ಅಂದ್ರು: "ಎರಡ ದಿನಕ್ಕ ಪಳಗಿತು ನೋಡು. ನಾ ಕಟ್ಟಿ ಹಾಕಿದ್ದಕ್ಕ."

ಆಯೇರಿ

ತೊಟ್ಟಿಲು ಹಾಕೋ ದಿನ ಬಂತು. ಹಟ್ಟಿಯಿಂದ ಬೀಗರು ಬಂದ್ರು, ಓಣಿ ಹೆಣಮಕ್ಕಳೆಲ್ಲಾ ಬಂದ್ರು. ಕೂಸಿಗೆ ಹೆಸರಿಟ್ರು, ಬಾಣಂತಿಗೆ ಉಡಿ ತುಂಬಿದ್ರು, ಬೀಗರಿಗೆ ನಾವು ಬಟ್ಟಿ ಆಯೇರಿ ಮಾಡಿದ್ವಿ, ಅವರೂ ನಮಗ ತಿರುಗಿ ಆಯೇರಿ ಮಾಡಿದ್ರು. ಎಲ್ಲಾರೂ ಹೋದ ಮ್ಯಾಲ ರಾಶಿ ಬಟ್ಟಿ ತಗೊಂಡು ಮಷಿನ್ ಕಡೆ ಬಂದೆ. ಈಗೀಗ ರಾಶಿ ನೋಡಿದ್ರ ನನಗ ಅಂಜಿಕಿ ಆಗೂದಿಲ್ಲ.

ಗಾಜಿನ ಬಾಗಿಲು ತಗದ್ರ ಒಳಗ ಅಕ್ಕಿ. ಅಕ್ಕಿ ಮ್ಯಾಲ ಒಂದು ಬಟ್ಟಲಾ ಕೊಬ್ಬರಿ, ಅಡಕಿ, ಅರಿಶಿಣ ಕೊಂಬು, ವೀಳ್ಯದೆಲಿ. ಅವೆಲ್ಲಾದರ ಕೆಳಗ ಮಡಚಿಟ್ಟ ಒಂದು ಸೀರಿ.

"ಅತ್ತೀ, ಇದೇನ್ರಿ?"

"ಉಡಿ ತುಂಬೀನಿ," ಅಂದ್ರು ಪಡಸಾಲಿಯಿಂದ್ಲೇ. "ಬಾಣಂತಿಗೆ ತುಂಬಿದ ಮ್ಯಾಲ ಬಾಣಂತನ ಮಾಡಿದಾಕಿಗೂ ತುಂಬಬೇಕಲ್ಲ."

"ಬಾಣಂತನ ಮಾಡಿದಾಕಿ ನಾನ್ರಿ."

"ನಿನಗ ನಿಮ್ಮ ತವರಿನವರು ತುಂಬತಾರ. ಅದಕ್ಕ ಯಾರದಾರ?"

ಸೀರಿ ಬಿಚ್ಚಿ ನೋಡಿದೆ. ಹೊಸಾದಲ್ಲ. ಅತ್ತಿ ಹಿಂದಿನ ದಿನ ಉಟ್ಟಿದ್ದ ಹಸಿರು ಸೀರಿ. ಸೆರಗಿಗೆ ಪುಂಡಿಪಲ್ಯದ ಕಲಿ ಹಂಗ ಇತ್ತು. ನನಗ ತಿಳೀತು. ಅಕ್ಕಿ, ಕೊಬ್ಬರಿ, ಅಡಕಿ ಎಲ್ಲಾ ಬಳಕೊಂಡು ಮರಕ್ಕ ಹಾಕಿ, ಸೀರಿ ಅಲ್ಲೇ ಬಿಟ್ಟು, ಉಳಿದ ಬಟ್ಟಿ ಹಾಕಿ ಬಾಗಿಲು ಮುಚ್ಚಿದೆ. ಅರಿಶಿಣ ಕೊಂಬು ಒಂದು ಎಲ್ಲೋ ಉಳಕೊಂಡಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮನಿಯವರ ಬಿಳಿ ಅಂಗಿಗೆ ಬಿತ್ತು. ಸೋಪಿನ ನೀರಿಗೆ ಅರಿಶಿಣ ಕೆಂಪಾಗಿ ಬೆನ್ನ ಮ್ಯಾಲ ಕಲಿ ಹಂಗಾ ಉಳೀತು. ಬೋಲ್ಟು ಬಿಗದಿದ್ದಕ್ಕ ಶಿಕ್ಷಾ ಅಂದೆ.

ಮರುದಿನ ಅತ್ತಿ ಅದಾ ಹಸಿರು ಸೀರಿ ಉಟಗೊಂಡು ಹೊರಗ ಬಂದ್ರು. ಎದುರುಮನಿಯಾಕಿ ಕಟ್ಟಿ ಮ್ಯಾಲ ಕುಂತಿದ್ಲು. ಆಕಿ ಬಿಡಾಕೇನು?

"ಯಾಕಮ್ಮಾರ, ಸೀರಿ ಮಷಿನ್ನಿಗೆ ಹಾಕಿದ್ರೇನು? ಅವತ್ತು ನಮ್ಮ ಮುಂದ ದೇವರಾಣಿ ಮಾಡಿದ್ರಲ್ಲ."

"ನನ್ನ ಸೀರಿ ಹಾಕಂಗಿಲ್ಲ ಅಂತ ಆಣಿ ಮಾಡಿದ್ದೆ. ಅದಕ್ಕ ಆಯೇರಿ ಕೊಟ್ಟ ಮ್ಯಾಲ ಅದು ನನ್ನ ಸೀರಿ ಹೆಂಗ ಆಕೈತಿ?"

"ಮತ್ತ ಈಗ ನೀವಾ ಉಟಗೊಂಡೀರಿ?"

"ಅದು ತಿರುಗಿ ನನಗ ಆಯೇರಿ ಮಾಡೈತಿ. ಬೀಗರು ಪ್ರೀತಿಲೆ ಕೊಟ್ಟಿದ್ದು ಬ್ಯಾಡ ಅಂತಾರೇನು?"

ಎದುರುಮನಿಯಾಕಿ ಎದ್ದು ಸೆರಗು ಝಾಡಿಸಿಕೊಂಡು ಒಳಗ ಹೋದ್ಲು. ಅವತ್ತಿಂದ ದಿನಾ ಬಿಟ್ಟು ದಿನಾ ನಮ್ಮನ್ಯಾಗ ಆಯೇರಿ. ಅತ್ತಿ ಎರಡು ಕಾಳು ಅಕ್ಕಿ ಹಾಕಿ ಸೀರಿ ಒಳಗಿಡ್ತಾರ, ನಾ ಅಕ್ಕಿ ಆರಿಸಿ ತಗದು ಬಟನ್ ಒತ್ತತೀನಿ, ಸಂಜಿಗೆ ಅದು ಒಣಗಿ ಮಡಚಿಕೊಂಡು ಅತ್ತಿಗೆ ತಿರುಗಿ ಹೋಗತೈತಿ. ನನ್ನ ಮುಂಗೈ ಈಗ ಅರಾಮ ಐತಿ. ಅತ್ತಿ ಕೈಯೂ ಅಷ್ಟು ನಡುಗೂದಿಲ್ಲ. ಇದನ್ನ ಅವರ ಮುಂದ ಹೇಳೂ ಹಂಗಿಲ್ಲ.

ಮೊನ್ನೆ ನಾ ಅಡಗಿಮನ್ಯಾಗ ಇದ್ದೆ. ದನದ ಜಾಗದಾಗ ಜಗಳದ ದನಿ ಕೇಳಿ ಹೊರಗ ಬಂದೆ. ಅತ್ತಿ ಒಂದು ಕೈಯಾಗ ಒಗೆದ ಸೀರಿ ಹಿಡಕೊಂಡು, ಇನ್ನೊಂದು ಕೈ ಸೊಂಟದ ಮ್ಯಾಲಿಟ್ಟು ಮಷಿನ್ ಮುಂದ ನಿಂತಿದ್ರು.

"ಸೀರಿ, ಕುಬಸ ಎರಡೂ ಕೂಡಿಸಿ ಕೊಟ್ಟಿದ್ದೆ. ನೀ ಬರೇ ಸೀರಿ ತಿರುಗಿ ಮಾಡೀಯಲ್ಲ, ಕುಬಸ ಎಲ್ಲೈತಿ? ಕುಬಸ ಇಲ್ಲದ ಸೀರಿ ಆಯೇರಿ ಮಾಡೋದು ಯಾವೂರ ಬೀಗತನಬೇ?"

ನಾ ಬಾಗಿಲು ತಗದು ಒಳಗ ಕೈ ಹಾಕಿದೆ. ಡ್ರಮ್ಮಿನ ಮ್ಯಾಲಿನ ಮಗ್ಗಲಿಗೆ ಕುಬಸ ಅಂಟಿಕೊಂಡಿತ್ತು. ಬಿಡಿಸಿ ಅತ್ತಿ ಕೈಯಾಗ ಕೊಟ್ಟೆ. ಅವರು ನನ್ನ ಕಡೆ ನೋಡಲೂ ಇಲ್ಲ. ಮಷಿನ್ನಿನ ತಲಿ ಮ್ಯಾಲ ಕೈಯಾಡಿಸಿ, "ಹಂಗ ಬಾ ದಾರಿಗೆ" ಅಂದು, ಸಣ್ಣ ಬಾಗಿಲಾಗ ಬಗ್ಗಿ ಒಳಗ ಹೋದ್ರು.